ಮುಟ್ಟದೆ ಕೇಳಿದ ಪ್ರಶ್ನೆ

"ಕಣ್ಣು ಮುಚ್ಚಿ ಸರ್."

ಕ್ಯಾಪ್ಟನ್ ಕಣ್ಣು ಮುಚ್ಚಿದರು. ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಅವರ ಎಡಗಾಲು ನನ್ನ ಮಡಿಲಿನ ಟವೆಲ್ ಮೇಲಿತ್ತು.

ನನ್ನ ಕೈಯಲ್ಲಿ ಬ್ರಷ್ಷಿನ ಕೂದಲಿನಷ್ಟು ಸಣ್ಣದೊಂದು ನೈಲಾನ್ ಎಳೆ. ಅದನ್ನು ಅಂಗಾಲಿಗೆ ಒತ್ತಿ "ಗೊತ್ತಾಯ್ತಾ?" ಅಂತ ಕೇಳಬೇಕು. ನಡುನಡುವೆ ಮುಟ್ಟದೆಯೂ ಕೇಳಬೇಕು. ಊಹೆಯ ಮೇಲೆ ಹೇಳುವವರನ್ನು ಹಿಡಿಯೋಕೆ ನಾವು ಫಿಸಿಯೋಗಳು ಮಾಡುವ ಸಣ್ಣ ಮೋಸ ಅದು. ಈ ಮನುಷ್ಯ ನಾಲ್ಕು ವರ್ಷದಿಂದ ಮುಟ್ಟಿದರೂ "ಇಲ್ಲ", ಮುಟ್ಟದಿದ್ದರೂ "ಇಲ್ಲ". ಒಂದು ಸಲವೂ ಸಿಕ್ಕಿಬಿದ್ದಿಲ್ಲ.

ಆ ದಿನ ಎಳೆಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೇಳಿದೆ.

"ಹ್ಞೂಂ," ಅಂದರು.

ಸರಿಯಾಗಿ ಕೇಳಿಸಿತಾ ಅಂತ ಇನ್ನೊಂದು ಸಲ ಮುಟ್ಟದೆ ಕೇಳಿದೆ. ಮತ್ತೆ "ಹ್ಞೂಂ." ಮುಚ್ಚಿದ ಕಣ್ಣಿನ ಮೇಲೆ ಹುಬ್ಬು ಒಂದಿಷ್ಟು ಎದ್ದಿತ್ತು. ತುಟಿಯ ಒಂದು ತುದಿ ನಗುವಿನ ಹತ್ತಿರ ಹೋಗಿ ನಿಂತಿತ್ತು. ನಾಲ್ಕು ವರ್ಷದಲ್ಲಿ ಆ ಮುಖದ ಮೇಲೆ ಏನಾದರೂ ಓಡಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ರಿಜಿಸ್ಟರ್ ತೆಗೆದು ಬರೆದೆ: ಎಡ ಅಂಗಾಲು, ಸ್ಪರ್ಶ ಸುಧಾರಿಸಿದೆ.

ಎಳೆಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಅವರ ಬಗ್ಗೆ ಹೇಳಬೇಕು. ಯುದ್ಧದಲ್ಲಿ ಸ್ಫೋಟವಾಗಿ ಎಡ ಮೊಣಕಾಲಿನ ಕೆಳಗೆ ಸ್ಪರ್ಶಜ್ಞಾನ ಹೋಗಿತ್ತು, ನಡೆಯುವ ಶಕ್ತಿ ಉಳಿದಿತ್ತು. ಸೇನೆ ಬಿಟ್ಟ ಮೇಲೆ, ಬಾಗಿಲು ಮುಚ್ಚಿದ್ದ ಒಂದು ಬಟ್ಟೆ ಅಂಗಡಿಯನ್ನು ಬಾಡಿಗೆಗೆ ಹಿಡಿದು, ಗಾಯಗೊಂಡು ಬಂದ ಸೈನಿಕರಿಗೆ ಅಂತ ನಮ್ಮ ಸಂಸ್ಥೆ ಶುರು ಮಾಡಿದರು. ಸೀರೆ ತೋರಿಸುತ್ತಿದ್ದ ಉದ್ದ ಕನ್ನಡಿಯ ಮುಂದೆ ಈಗ ಮೂವತ್ತು ಜನ ನಡೆಯೋದು ಕಲಿಯುತ್ತಾರೆ. ಈ ವರ್ಷ ಅವರು ಸಂಸತ್ತಿನ ಚುನಾವಣೆಗೆ ನಿಂತಿದ್ದರು. ಗಾಯಗೊಂಡವರ ಚಿಕಿತ್ಸೆಗೆ ಕಾನೂನು ಬೇಕು, ಅದನ್ನು ಒಳಗೆ ಕೂತೇ ಮಾಡಿಸಬೇಕು ಅನ್ನೋದು ಅವರ ವಾದ.

ನನ್ನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ವಯಸ್ಸು ನಲವತ್ತೊಂದು. ಗಂಡ ಬಿಟ್ಟು ಏಳು ವರ್ಷ. ಆಗ ಅಳು ಬರಲಿಲ್ಲ, ನಾಳೆ ಬರಬಹುದು ಅಂತ ಕಾದೆ, ಆಮೇಲೆ ಕಾಯೋದೂ ಮರೆತುಹೋಯಿತು. ನಮ್ಮಮ್ಮ ಹೇಳುತ್ತಿದ್ದಳು, ಓಟಿಗೆ ನಿಂತವರು ಊರಿನವರ ಕಾಲು ಹಿಡೀತಾರೆ, ಓಟಿಗೆ ನಿಂತವನ ಕಾಲು ಹಿಡಿದವಳು ನೀನೊಬ್ಬಳೇ ಕಣೆ ಅಂತ.

ಪ್ರಚಾರ ನೋಡಿಕೊಳ್ಳುತ್ತಿದ್ದವನಿಗೆ ನಾವು ಮೈಕು ಅನ್ನುತ್ತಿದ್ದೆವು. ಗುಟ್ಟು ಹೇಳಿದರೂ ಎದುರು ಮನೆಗೆ ಕೇಳಿಸುವ ಗಂಟಲು. ಅವನು ಆ ರಿಜಿಸ್ಟರ್ ನೋಡಿದ. ಮೂರನೇ ದಿನಕ್ಕೆ ಗೋಡೆಗೋಡೆಯ ಮೇಲೂ ಪೋಸ್ಟರ್: ಸತ್ತಿದ್ದ ಕಾಲಿಗೆ ಜೀವ ಬಂದಿದೆ, ನಿಮ್ಮ ಮನೆ ಬಾಗಿಲಿಗೆ ನಡೆದೇ ಬರ್ತಾರೆ. ಇಪ್ಪತ್ತೊಂದು ದಿನದ ನಡಿಗೆ.

ಪೋಸ್ಟರ್ ಮುಂದೆ ಕ್ಯಾಪ್ಟನ್ನೂ ನಾನೂ ನಿಂತುಕೊಂಡು ನೋಡಿದೆವು.

"ಕಾಲು ಚೆನ್ನಾಗಿ ಬಂದಿದೆ ಡಾಕ್ಟ್ರೇ," ಅಂದರು.

ನಾನು ಡಾಕ್ಟರ್ ಅಲ್ಲ ಸರ್ ಅಂದೆ. ಇದು ನಮ್ಮ ದಿನದ ಮಾತು. ಅವರು ಕರೆಯುವುದು, ನಾನು ಅಲ್ಲ ಅನ್ನುವುದು, ಅವರು ಗೊತ್ತು ಅನ್ನುವ ಹಾಗೆ ತಲೆ ಆಡಿಸಿ ಅರ್ಧ ಗಳಿಗೆ ಜಾಸ್ತಿ ನನ್ನನ್ನೇ ನೋಡುವುದು. ಆ ದಿನ ಅವರು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಸ್ಪರ್ಶ ಇಲ್ಲದ ಪಾದವನ್ನು ದಿನವೂ ಬಿಚ್ಚಿ, ಕೈಗನ್ನಡಿ ಹಿಡಿದು ನೋಡಬೇಕು. ನೋವಾಗಲ್ಲವಲ್ಲ, ಹಾಗಾಗಿ ನೋವಿನ ಕೆಲಸವನ್ನು ಕಣ್ಣು ಮಾಡಬೇಕು. ಇದನ್ನು ನಾನು ಬಂದವರಿಗೆಲ್ಲ ಹೇಳಿಕೊಡುತ್ತೇನೆ. ನಡಿಗೆಯ ಮೊದಲ ದಿನ ಕನ್ನಡಿ ತೆಗೆದೆ. ವಾಸಿಯಾದ ಕಾಲಿಗೆ ಕನ್ನಡಿ ಯಾಕಮ್ಮ, ಯಾರಾದರೂ ಫೋಟೋ ಹೊಡೆದರೆ ಏನು ಗತಿ ಅಂತ ಮೈಕು ರೇಗಿದ. ಯಾಕೆ ಅಂತ ಹೇಳಬೇಕಾದರೆ ರಿಜಿಸ್ಟರಿನ ಮಾತೂ ಹೇಳಬೇಕಾಗುತ್ತಿತ್ತು. ಕನ್ನಡಿ ಚೀಲಕ್ಕೆ ಹೋಯಿತು. ಕ್ಯಾಪ್ಟನ್ ಶೂ ಕಟ್ಟಿಕೊಂಡರು.

ಹನ್ನೊಂದು ದಿನ ಅವರ ಹಿಂದೆ ನಡೆದೆ. ಮನೆಮನೆ ಹತ್ತಿ ಇಳಿಯುತ್ತಿದ್ದರು. ಅಜ್ಜಿಯರು ತಲೆ ಸವರಿದರು. ಒಬ್ಬ ಕ್ಷೌರಿಕ ಕತ್ತರಿ ಕೈಯಲ್ಲೇ ಹಿಡಿದುಕೊಂಡು ಓಡಿಬಂದು ಅಪ್ಪಿಕೊಂಡ, ಹೆದರಿ ಮೂರು ಜನ ಬಿಡಿಸಿದರು. ಎಲ್ಲರೂ ನಕ್ಕರು. ಅವರೂ ನಕ್ಕರು, ಮೈಕು ನಗಿ ಅಂದ ಮೇಲೆ.

ಹನ್ನೆರಡನೇ ದಿನ ಮಧ್ಯಾಹ್ನ, ಒಂದು ಶಾಲೆಯ ಕೊಠಡಿಯಲ್ಲಿ ವಿಶ್ರಾಂತಿಗೆ ಕೂತೆವು. ಸಿಮೆಂಟಿನ ನೆಲದ ಮೇಲೆ ಎಡ ಹೆಜ್ಜೆಯ ಗುರುತು ಬಿದ್ದಿತ್ತು. ನೀರು ತುಳಿದರೇನೋ ಅಂದುಕೊಂಡೆ. ಬಣ್ಣ ನೀರಿನದಾಗಿರಲಿಲ್ಲ.

ಕೇಳದೆ ಕೂತು ಶೂ ಬಿಚ್ಚಿದೆ. ಲೇಸ್ ಪೋಣಿಸುವ ತೂತಿನ ಪುಟ್ಟ ಲೋಹದ ಬಳೆ ಕಿತ್ತು ಒಳಗೆ ಬಿದ್ದಿತ್ತು. ಅದರ ಮೇಲೆ ಎರಡು ದಿನ ನಡೆದಿದ್ದಾರೆ. ಹೆಬ್ಬೆರಳಿನ ಬುಡದಲ್ಲಿ ಕೋಟಿನ ಗುಂಡಿಯಗಲ ಗಾಯ. ಅದರ ಆಳ ನಾನು ಹೇಳಲ್ಲ.

"ಏನಾಯ್ತು?" ಅಂದರು. ನಿಜವಾಗಿಯೂ ಗೊತ್ತಿರಲಿಲ್ಲ ಅವರಿಗೆ.

ಇವತ್ತಿಂದ ಈ ಕಾಲು ನೆಲ ಮುಟ್ಟುವಂತಿಲ್ಲ ಅಂದೆ. ಒಂಬತ್ತೇ ದಿನ ಉಳಿದಿರೋದು ಅಂದರು. ಒಂಬತ್ತು ದಿನ ನಡೆದರೆ ಕಾಲನ್ನೇ ತೆಗೀಬೇಕಾಗುತ್ತೆ ಅಂದೆ. ಅವರು ಕಿಟಕಿ ನೋಡಿದರು. ಕುರ್ಚಿಯಲ್ಲಿ ಹೋಗೋಣ, ಟ್ಯಾಂಕಣ್ಣನ ಹತ್ತಿರ ಇನ್ನೊಂದು ಗಾಲಿ ಕುರ್ಚಿ ಇದೆ ಅಂದೆ. ಅವನು ನಮ್ಮ ಸಂಸ್ಥೆಯವನೇ, ಗಾಲಿ ಕುರ್ಚಿಯಲ್ಲೇ ಓಡಾಡುವವನು.

"ನಾನೇ ಕೂತುಬಿಟ್ರೆ ಸಂಸ್ಥೆಯಲ್ಲಿ ನಡೆಯೋಕೆ ಒದ್ದಾಡ್ತಿರೋರಿಗೆ ಏನು ಹೇಳ್ಲಿ?"

"ಹಾಗಾದ್ರೆ ಕೂತಿರೋರೆಲ್ಲ ಸೋತವರಾ ಸರ್? ಟ್ಯಾಂಕಣ್ಣನಿಗೆ ಹಾಗಂತ ನೀವೇ ಹೇಳಿ, ನನ್ನ ಕೈಲಿ ಆಗಲ್ಲ."

ಅವರು ಕಾಲು ಮುಂದೆ ಚಾಚಿದರು. ಗಾಯ ತೊಳೆದೆ. ಸುಡುವ ಔಷಧಿ ಸುರಿದರೂ ಕಾಲು ಕದಲಲಿಲ್ಲ. ನಾನು ಅದರ ಮೇಲೆ ಅಂಟುಪಟ್ಟಿ ಹಾಕಿದೆ. ಬೇರೆಯವರಾಗಿದ್ದರೆ ಈ ಹೊತ್ತಿಗೆ ಒಬ್ಬರಾದರೂ ಅತ್ತಿರುತ್ತಿದ್ದರು ಅಂತ ಅನಿಸಿತು, ಅಷ್ಟೇ.

ಆಮೇಲೆ ಹೇಳಿದೆ. "ಆ ಮಂಗಳವಾರ ನಾನು ನಿಮ್ಮ ಕಾಲು ಮುಟ್ಟಿರಲಿಲ್ಲ."

ಅವರು ನನ್ನ ಕಡೆ ತಿರುಗಿದರು. "ಎರಡೂ ಸಲ?"

"ಎರಡೂ ಸಲ."

"ಗೊತ್ತಿದ್ದೂ ಸುಧಾರಿಸಿದೆ ಅಂತ ಬರೆದ್ರಾ?"

"ನಿಮ್ಮ ಮುಖ ನೋಡಿ ಬರೆದೆ. ಅಷ್ಟು ದಿನ ಆದಮೇಲೆ ಅಲ್ಲೊಂದು ಸಂತೋಷ ಕಂಡಿತ್ತು. ಅದನ್ನ ತೆಗೆಯೋಕೆ ಮನಸ್ಸಾಗ್ಲಿಲ್ಲ. ಈಗ ಈ ಗಾಯ ನಂದೇ ಸರ್."

ಅವರು ಪಟ್ಟಿಯ ಮೇಲೆ ಬೆರಳಾಡಿಸಿದರು, ಬೇರೆ ಯಾರದೋ ಕಾಲು ಅನ್ನುವ ಹಾಗೆ.

"ನಾನು ನಿಮ್ಮ ಮುಖ ನೋಡಿ ನೋಡಿ ಹೇಳಿದ್ದು ಡಾಕ್ಟ್ರೇ. ನಾಲ್ಕು ವರ್ಷ ಪ್ರತಿ ಮಂಗಳವಾರ ಬಂದು ಕೇಳ್ತೀರಿ, ನಾನು ಇಲ್ಲ ಅಂತೀನಿ, ನೀವು ಪರವಾಗಿಲ್ಲ ಅಂತೀರಿ. ಆ ಪರವಾಗಿಲ್ಲ ದಿನೇದಿನೇ ಸಣ್ಣ ಆಗ್ತಾ ಬಂತು. ಒಂದ್ಸಲ ಹ್ಞೂಂ ಅಂದುಬಿಡೋಣ ಅನಿಸ್ತು. ಕಣ್ಣು ಮುಚ್ಚಿದ್ದೆ, ಆದರೂ ನೀವು ಸಂತೋಷಪಡ್ತಿದ್ದೀರಿ ಅಂದುಕೊಂಡೆ. ನನ್ನ ಮುಖದಲ್ಲಿ ನಿಮಗೆ ಕಂಡಿದ್ದು ಅದೇ ಇರಬೇಕು."

ಈ ನಲವತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಮೆಚ್ಚಿಸೋಕೆ ಸುಳ್ಳು ಹೇಳಿರಲಿಲ್ಲ. ಹೇಳಿದ ಸುಳ್ಳೆಲ್ಲ ನನ್ನಿಂದ ತಪ್ಪಿಸಿಕೊಳ್ಳೋಕೆ. ಎದೆಯಲ್ಲಿ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಪಟ್ಟಿಯ ಅಂಟು ಸರಿಯಾಗಿ ಕೂತಿದೆಯಾ ಅಂತ ಇನ್ನೊಂದು ಸಲ ಒತ್ತಿ ನೋಡಿದೆ.

ಕುರ್ಚಿ ಸಂಜೆಯೊಳಗೆ ಬಂತು. ಟ್ಯಾಂಕಣ್ಣ ಹಿಂದೆ ಟ್ಯಾಂಕ್ ಓಡಿಸುತ್ತಿದ್ದವನು, ಈಗ ನಮ್ಮಲ್ಲಿ ಕುರ್ಚಿ ರಿಪೇರಿ ಮಾಡುತ್ತಾನೆ. ಅವನೇ ತಂದುಕೊಟ್ಟ. ಎಡಗಡೆ ಬ್ರೇಕ್ ಸ್ವಲ್ಪ ಸಡಿಲ ಇದೆ, ರಾಜಕೀಯದವರಿಗೆ ಅದು ನಡೆಯುತ್ತೆ ಬಿಡಿ ಅಂದ. ಕ್ಯಾಪ್ಟನ್ ಅವನ ಮುಖ ನೋಡಿ ಕ್ಷಮಿಸು ಅಂದರು. ಯಾಕೆ ಅಂತ ಅವನಿಗೆ ತಿಳಿಯಲಿಲ್ಲ. ಬ್ರೇಕ್ ವಿಷಯಕ್ಕೆ ಅಂದುಕೊಂಡು, ಅಯ್ಯೋ ನಾಳೆ ಟೈಟ್ ಮಾಡ್ತೀನಿ ಬಿಡಿ ಸಾರ್ ಅಂದ.

ಮಾರನೇ ದಿನದ ಸಭೆಗೆ ಕುರ್ಚಿಯಲ್ಲೇ ಹೋದರು. ಕಾಲು ಉಳುಕಿದೆ ಅಂತ ಹೇಳಿ ಅಂತ ಮೈಕು ಕೈಮುಗಿದು ಬೇಡಿಕೊಂಡ. ಅವರು ಹೇಳಿದ್ದೇ ಬೇರೆ. ಕಾಲು ವಾಸಿಯಾಗಿಲ್ಲ, ಆಗೋದೂ ಇಲ್ಲ. ಆಗಿದೆ ಅಂತ ಸುಳ್ಳು ಹೇಳಿದ್ದು ನಾನು. ಗಾಯ ಆದವರೆಲ್ಲ ಎದ್ದು ನಡೆದರೇ ಗೆದ್ದ ಹಾಗೆ ಅಂತ ನಾನೂ ನಂಬಿಕೊಂಡಿದ್ದೆ, ಅದು ತಪ್ಪು. ಅಷ್ಟು ಹೇಳಿ ಕೈಯಲ್ಲಿದ್ದ ಮೈಕ್ ಕೆಳಗಿಟ್ಟರು. ಚಪ್ಪಾಳೆ ಬೀಳಲಿಲ್ಲ. ಯಾರೂ ಬೈಯಲೂ ಇಲ್ಲ. ಜನ ತಮ್ಮತಮ್ಮೊಳಗೆ ಮಾತಾಡಿಕೊಂಡು ಚದುರಿದರು. ಮೈಕು ಮೊದಲ ಬಾರಿಗೆ ಪಿಸುಮಾತಿನಲ್ಲಿ, ಮುಗೀತು ಅಂದ.

ಅರ್ಧ ಸುಳ್ಳು ನನ್ನದು, ಅದನ್ನೂ ನೀವೇ ಹೊತ್ತುಕೊಂಡಿರಲ್ಲ ಅಂತ ವ್ಯಾನಿನಲ್ಲಿ ಕೇಳಿದೆ. ಅಭ್ಯರ್ಥಿ ನಾನಲ್ವಾ ಅಂದರು. ನಾನು ಸಂಸ್ಥೆಗೆ ಹೋಗಿ ರಿಜಿಸ್ಟರಿನ ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ನಡೆದದ್ದನ್ನು ಬರೆದು ಸಹಿ ಹಾಕಿದೆ. ಮೈಕು ಅದನ್ನೂ ಎಲ್ಲರಿಗೂ ಓದಿ ಹೇಳಿದ. ಎರಡು ದಿನ ಬೀದಿಯಲ್ಲಿ ನನ್ನನ್ನು ಜನ ತಿರುಗಿ ನೋಡಿದರು. ಅಮ್ಮ, ನೋಡ್ಲಿ ಬಿಡು, ಕಣ್ಣಿರೋದು ಅದಕ್ಕೇ ಅಂದಳು.

ಸೋಂಕು ಮೂಳೆಗೆ ಇಳಿದಿತ್ತು. ಎರಡು ಬೆರಳು ತೆಗೆದರು. ಪಾದ ಉಳಿಯಿತು.

ಓಟು ಎಣಿಕೆಯ ದಿನ ಅವರು ಆಸ್ಪತ್ರೆಯಲ್ಲಿದ್ದರು, ಅವರ ಜೊತೆ ಐದು ಗಂಟೆವರೆಗೆ ಸಂಸ್ಥೆಯ ಡ್ಯೂಟಿ ನನ್ನದು. ಕಾಲು ಎರಡು ದಿಂಬಿನ ಮೇಲೆ. ಕಾರಿಡಾರಿನಲ್ಲಿ ಟೀವಿ ಗದ್ದಲ. ಐದರ ಹೊತ್ತಿಗೆ ಮೈಕು ಬಂದು ಬಾಗಿಲಲ್ಲೇ ನಿಂತ. ಹೇಳೋದೇ ಬೇಡವಾಯಿತು. ಟ್ಯಾಂಕಣ್ಣನ ಬೀದಿಯಲ್ಲಿ ಮಾತ್ರ ಎಲ್ಲರಿಗಿಂತ ಮುಂದಿದ್ದರಂತೆ. ಅವನು ಹೋದ ಮೇಲೆ ಬಾಗಿಲು ಮುಚ್ಚಿದೆ.

"ಸೋತೆ," ಅಂದರು. "ಏನೂ ಅನಿಸ್ತಿಲ್ಲ."

"ನನಗೂ ಅನಿಸ್ತಿಲ್ಲ," ಅಂದೆ. ಅದು ನಿಜ. ಆದರೂ ಎದ್ದು ಹೋಗೋಕೆ ಕಾಲು ಬರಲಿಲ್ಲ. ಕೇಳದೆ ಬಿಟ್ಟರೆ ಇನ್ನೂ ನಾಲ್ಕು ವರ್ಷ ಪರವಾಗಿಲ್ಲ ಅನ್ನುತ್ತಲೇ ಇರುತ್ತೇನೆ ಅಂತ ಗೊತ್ತಿತ್ತು. ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತೆ.

"ಇದೇನಿದು?"

"ನಿಮಗೆ ನನ್ನ ಮುಖ ಕಾಣ್ಬಾರ್ದು, ಅದಕ್ಕೆ. ಒಂದು ಪ್ರಶ್ನೆ ಕೇಳ್ತೀನಿ. ನನಗೆ ಸಂತೋಷ ಆಗ್ಲಿ ಅಂತ ಹೇಳ್ಬೇಡಿ. ನಾನು ನಿಮಗೆ ಬೇಕಾ?"

ಗೋಡೆಯ ಬಣ್ಣ ಒಂದು ಕಡೆ ಕಿತ್ತುಬಂದಿತ್ತು. ಅದನ್ನೇ ನೋಡುತ್ತ ಕೂತೆ. ಹಿಂದೆ ಮಂಚ ಒಂದು ಸಲ ಕಿರ್ರಂದಿತು.

"ಪ್ರೀತಿ ಅಂತ ಹೇಳ್ಬೇಕಾ? ಅದು ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ನನಗೆ. ಬೇರೆಯವರು ಹೇಳೋ ಥರ ಒಳಗೆ ಏನೂ ಆಗ್ತಿಲ್ಲ. ಆದರೆ ಆಪರೇಷನ್‌ಗೆ ಮೊದಲು, ಎದ್ದ ಮೇಲೆ ಯಾರು ಪಕ್ಕದಲ್ಲಿರಬೇಕು ಅಂತ ಕೇಳಿದ್ರು. ನಾನು ಯೋಚನೆ ಮಾಡ್ಲಿಲ್ಲ. ನಿಮ್ಮ ನಂಬರ್ ಕೊಟ್ಟೆ. ಬಾಯಲ್ಲಿ ಬಂದುಬಿಡ್ತು. ಇಷ್ಟೇ ಇರೋದು ನನ್ನ ಹತ್ತಿರ."

ಆ ದಿನ ಆಸ್ಪತ್ರೆಯಿಂದ ನನಗೆ ಫೋನ್ ಬಂದಾಗ, ನನ್ನ ನಂಬರನ್ನು ಸಂಸ್ಥೆಯವರು ಕೊಟ್ಟಿರಬೇಕು ಅಂದುಕೊಂಡಿದ್ದೆ.

"ಸಾಕು," ಅಂದೆ. "ನನ್ನ ಹತ್ತಿರಾನೂ ಅಷ್ಟೇ ಇರೋದು."

ಕುರ್ಚಿ ಈ ಕಡೆ ತಿರುಗಿಸಿದೆ. ಅವರು ನನ್ನನ್ನು ನೋಡುತ್ತಿದ್ದರು. ಅರ್ಧ ಗಳಿಗೆ ಅಲ್ಲ. ಆಮೇಲೆ ಬಾಗಿಲ ಮೇಲಿನ ಗಡಿಯಾರದ ಕಡೆ ನೋಡಿದರು. ಐದೂವರೆ.

"ಐದಕ್ಕೆ ಡ್ಯೂಟಿ ಮುಗೀತಲ್ವಾ ನಿಮ್ದು?"

"ಮುಗೀತು."

"ಮತ್ತೆ?"

"ಕೂತಿದ್ದೀನಿ," ಅಂದೆ. "ಕಾಣಲ್ವಾ?"