ತಾಳುಬಳೆ ತಡೆದದ್ದು

ಅಂಗಡಿಯವಳು ಹಳದಿ ಕೊಡೆಯನ್ನು ಬಿಡಿಸಿ ತೋರಿಸುವಷ್ಟರಲ್ಲಿ ವಾರಿಜಾಳ ಕೈಯ ತಾಳುಬಳೆ ಬೆಚ್ಚಗಾಯಿತು. "ನಾಳೆ ಕೇಳುತ್ತೇನೆ" ಎಂದಿತು. ಅವಳ ಫೋನಿನಿಂದ ಹಣ ಪಾವತಿಯಾಗಲಿಲ್ಲ.

"ನಿಮ್ಮ ಬಳೆ ನಮ್ಮತ್ತೆಗಿಂತ ಜೋರು ಬಿಡಿ ಮೇಡಂ!" ಅಂಗಡಿಯವಳು ನಗುತ್ತ ಕೊಡೆ ಮಡಚಿದಳು. ಮನೆಯಲ್ಲಿ ಆಗಲೇ ಆರು ಕೊಡೆಗಳಿದ್ದವು.

ಗಮನ ಒಂದೆಡೆ ನಿಲ್ಲದೆ, ಅನಿಸಿದ್ದನ್ನು ಆ ಗಳಿಗೆಯಲ್ಲೇ ಮಾಡಿಬಿಡುವ ಎಡಿಎಚ್‌ಡಿ ಇರುವವರಿಗಾಗಿ ಮೈಸೂರಿನ ಡಾ. ಇಂದುಧರ ರೂಪಿಸಿದ ಸಾಧನ ಆ ತಾಳುಬಳೆ. ಆಸೆ ಥಟ್ಟನೆ ಹುಟ್ಟಿದಾಗ ನಾಡಿಯಲ್ಲಿ ಏಳುವ ಆವೇಗದ ಅಲೆಯನ್ನು ಗುರುತಿಸಿ, ಬಜೆಟ್ಟಿನಲ್ಲಿಲ್ಲದ ಖರ್ಚನ್ನು ಒಂದು ದಿನ ತಡೆಹಿಡಿಯುತ್ತಿತ್ತು. ನಿಜವಾಗಿ ಬೇಕಾದದ್ದು ಮರುದಿನವೂ ಬೇಕೆನಿಸುತ್ತದೆ ಎಂಬುದು ಅವರ ಸಿದ್ಧಾಂತ. ಮರುದಿನ ಬಳೆ ಕೇಳುವ ಹೊತ್ತಿಗೆ ವಾರಿಜಾಳ ಮನಸ್ಸು ಇನ್ನೆಲ್ಲೋ ಇರುತ್ತಿತ್ತು. ಪೂರ್ತಿ ಕೇಳಿಸಿಕೊಳ್ಳದೆ "ಬೇಡ" ಎಂದುಬಿಡುತ್ತಿದ್ದಳು. ನಲವತ್ತೆಂಟು ವರ್ಷಗಳಲ್ಲಿ ಮೊದಲ ಬಾರಿ ತಿಂಗಳ ಕೊನೆಗೆ ಅವಳ ಬಳಿ ಹಣ ಉಳಿಯಿತು.

ಬಳೆ ತೊಟ್ಟ ಎಂಟನೆಯ ತಿಂಗಳಲ್ಲಿ, ಬೀರೂರಿನಲ್ಲಿದ್ದ ಅಕ್ಕ ಕಾತ್ಯಾಯಿನಿ ತೀರಿಕೊಂಡಳು. ಮೊದಲೆಲ್ಲ ಹೇಳದೆ ಕೇಳದೆ ರೈಲು ಹತ್ತಿ ಅಕ್ಕನ ಬಾಗಿಲಲ್ಲಿ ನಿಲ್ಲುತ್ತಿದ್ದ ವಾರಿಜಾ ಆ ಎಂಟು ತಿಂಗಳು ಒಮ್ಮೆಯೂ ಹೋಗಿರಲಿಲ್ಲ.

"ಕಾಯಿಲೆ ವಿಷಯ ನಿಮಗೆ ತಿಳಿಸೋಕೆ ಅಮ್ಮ ಬಿಡ್ಲೇ ಇಲ್ಲ, ಚಿಕ್ಕಮ್ಮ," ಎಂದಳು ಅಕ್ಕನ ಮಗಳು ಶಾಲ್ಮಲಾ. "'ಅವಳನ್ನ ಯಾವತ್ತು ಕರೆದು ಬರಿಸಿಕೊಂಡಿದೀವಿ? ಆ ತಿಕ್ಕಲು ತಾನಾಗೇ ಬರತ್ತೆ ನೋಡು' ಅಂತಿದ್ರು. ನಿಮಗೆ ಒಂದ್ಸಲಾನೂ ನೆನಪಾಗ್ಲಿಲ್ವಾ?"

ಎಷ್ಟು ತಡಕಿದರೂ ವಾರಿಜಾಳಿಗೆ ಅಂಥ ಒಂದು ದಿನ ಸಿಗಲಿಲ್ಲ.

ಅಕ್ಕ ಹೋದ ಹದಿನೈದನೆಯ ದಿನ ಅವಳು ಬಳೆ ಬಿಚ್ಚಿ ಡಾಕ್ಟರ ಮೇಜಿನ ಮೇಲಿಟ್ಟಳು.

"ಕೆಟ್ಟಿದೆಯೇನಮ್ಮ?"

"ಕೆಟ್ಟಿರೋದು ನಾನು, ಸಾರ್. ದುಡ್ಡು ಉಳೀತು, ಒಡಹುಟ್ಟಿದವಳನ್ನ ಮರೆತೆ. ಇದು ಪ್ರೀತೀನೂ ಕಮ್ಮಿ ಮಾಡತ್ತಾ?"

"ಹಾಗೇನೂ ಇಲ್ಲವಲ್ಲ," ಎನ್ನುತ್ತ ಅವರು ಬಳೆ ತಡೆದ ಖರ್ಚುಗಳ ಪಟ್ಟಿಯನ್ನು ತೆರೆದರು. ಕೊನೆಯವರೆಗೂ ಓದಿದರು. ಪರದೆಯನ್ನು ಅವಳ ಕಡೆ ತಿರುಗಿಸಿದರು.

ಬೀರೂರಿಗೆ ರೈಲು ಟಿಕೆಟ್, ಒಂದು. ಬೀರೂರಿಗೆ ಟಿಕೆಟ್ ಒಂದು, ಮಾವಿನಹಣ್ಣು ಎರಡು ಕೆಜಿ. ಮತ್ತೆ ಬೀರೂರು. ಒಟ್ಟು ಹದಿನೇಳು ಸಲ. ಪ್ರತಿಯೊಂದರ ಮುಂದೆಯೂ ಅದೇ ಟಿಪ್ಪಣಿ: 'ಆವೇಗ ತೀವ್ರ. ಮರುದಿನದ ಉತ್ತರ: ಬೇಡ.' ಕೊನೆಯದು ಅಕ್ಕ ಹೋಗುವ ನಾಲ್ಕು ದಿನ ಮೊದಲಿನದು.

"ನಾಳೆವರೆಗೆ ಉಳಿಯೋದೇ ನಿಜವಾದ ಆಸೆ ಅಂದುಕೊಂಡಿದ್ದೆ," ಎಂದರು ಇಂದುಧರ ತಗ್ಗಿದ ದನಿಯಲ್ಲಿ. "ತಪ್ಪಾಯಿತಮ್ಮ."

ವಾರಿಜಾ ಅಲ್ಲಿಂದಲೇ ಶಾಲ್ಮಲಾಳಿಗೆ ಫೋನ್ ಮಾಡಿದಳು.

"ಹದಿನೇಳು ಸಲ ಹೊರಟಿದ್ದೆ ಕಣೇ."

ಬಳೆ ತಡೆದ ಪಟ್ಟಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು.

"ತಾರೀಕು ಓದಿ, ಚಿಕ್ಕಮ್ಮ," ಎಂದಳು ಶಾಲ್ಮಲಾ. "ಒಂದೊಂದಾಗಿ ಓದಿ."