ಒಳಗೆ ಹೋದದ್ದು, ಹೊರಗೆ ಬಂದದ್ದು

"ಜೇಬಲ್ಲಿರೋದನ್ನೆಲ್ಲ ಮೇಜಿನ ಮೇಲಿಡಿ."

ಅವನು ದೂರದ ದೇಶದಿಂದ ಬಂದ ಎಂಜಿನಿಯರು. ಅವಳು ಬಾಗಿಲು ನೋಡಿಕೊಳ್ಳುವವಳು. ಆದರೆ ಆ ಬಾಗಿಲ ಮುಂದೆ ಎಂಥ ದೊಡ್ಡವರ ಆಟವೂ ನಡೆಯುತ್ತಿರಲಿಲ್ಲ.

ಪೆನ್ನು, ಬಾಚಣಿಗೆ, ಬೀಗದ ಕೈ, ಎರಡು ಚಾಕೊಲೇಟು. ಒಂದೊಂದನ್ನೂ ಅವಳು ಪುಸ್ತಕದಲ್ಲಿ ಬರೆದುಕೊಂಡು ವಾಪಸ್ಸು ಕೊಟ್ಟಳು. ಗಂಟೆ ಬಿಟ್ಟು ಅವನು ಹೊರಗೆ ಬಂದಾಗ ಮತ್ತೆ ಎಣಿಸಿದಳು.

"ಒಂದು ಚಾಕೊಲೇಟ್ ಕಮ್ಮಿ ಇದೆ."

"ತಿಂದೆ."

"ಕಾಗದ?"

ಅವನು ಕಕ್ಕಾಬಿಕ್ಕಿಯಾಗಿ ಎಲ್ಲ ಜೇಬೂ ತಡಕಾಡಿ, ಕೊನೆಗೆ ಹೆಲ್ಮೆಟ್ಟಿನೊಳಗಿಂದ ಅದನ್ನು ತೆಗೆದ. ಅವಳು ತುಟಿ ಕಚ್ಚಿ ನಗು ತಡೆದಳು. ಉಳಿದೊಂದು ಚಾಕೊಲೇಟನ್ನು ಅವನು ಮೆಲ್ಲಗೆ ಅವಳತ್ತ ಸರಿಸಿದ.

"ಇದನ್ನ ಎಲ್ಲಿ ಬರ್ಕೋತೀರಿ?"

"ಬರ್ಕೊಳ್ಳಲ್ಲ. ತಿಂತೀನಿ."

ಆ ಬಾಗಿಲಾಚೆ ಇದ್ದದ್ದು ಮೂರು ಮಹಡಿ ಎತ್ತರದ ಕಾಂಕ್ರೀಟ್ ಗುಮ್ಮಟ. ಪರಮಾಣು ರಿಯಾಕ್ಟರನ್ನು ಮುಚ್ಚಿ ಕಾಪಾಡುವ ಗುಮ್ಮಟದ ಸಣ್ಣ ಮಾದರಿ. ಇಂಧನದ ಸುಳಿವೂ ಒಳಗಿರಲಿಲ್ಲ. ನಿಜವಾದ ರಿಯಾಕ್ಟರಿನಲ್ಲಿ ಅನಾಹುತವಾದರೆ ಒಳಗಿನ ವಿಷ ಊರಿಗೆ ಹರಡದಂತೆ ತಡೆಯುವ ಕೊನೆಯ ಗೋಡೆ ಇಂಥ ಗುಮ್ಮಟವೇ. ಅದು ಎಷ್ಟು ಸೋರುತ್ತದೆಂದು ಅಳೆಯುವ ಹೊಸ ವಿಧಾನವೊಂದನ್ನು ಐದು ದೇಶದವರು ಸೇರಿ ಪರೀಕ್ಷಿಸುತ್ತಿದ್ದರು. ಒಳಗೆ ಗಾಳಿ ತುಂಬಿಸಿ, ಬಾಗಿಲು ಬಿಗಿದು, ಒಂದು ದಿನ ಪೂರ್ತಿ ಒತ್ತಡ ನೋಡುವುದು. ಬಾಗಿಲಿನ ರಬ್ಬರ್ ಪಟ್ಟಿಯ ಹೊಣೆ, ಒಳಗೆ ಹೋದದ್ದೆಲ್ಲ ಹೊರಗೆ ಬಂತೇ ಎಂದು ನೋಡುವ ಹೊಣೆ ಅವಳದು. ಕೆಲಸ ಇನ್ನೂ ತಾತ್ಕಾಲಿಕ. ಪರೀಕ್ಷೆ ನೆಟ್ಟಗೆ ಮುಗಿದರೆ ಕಾಯಂ ಎಂದು ಮೇಡಂ ಮಾತು ಕೊಟ್ಟಿದ್ದರು. ಮೇಡಂ ಅಂದರೆ ಪರೀಕ್ಷೆಯ ಮುಖ್ಯಸ್ಥೆ. ಅವರು ಕನ್ನಡಕದ ಮೇಲಿಂದ ನೋಡಿದರೆ ಎಂಥವರಿಗೂ ಬಾಯಿ ಒಣಗಬೇಕು.

ಅವನು ಗುಮ್ಮಟದೊಳಗೆ ಉಷ್ಣತೆ ಅಳೆಯುವ ಸಾಧನಗಳನ್ನು ಜೋಡಿಸಲು ಬಂದವನು. ಹಾಗಾಗಿ ಅವಳ ಅಕ್ಕ ಮನೆಯಲ್ಲಿ ಕೂತೇ ಅವನಿಗೊಂದು ಹೆಸರಿಟ್ಟಿದ್ದಳು.

"ಏನೇ, ನಿನ್ನ ಥರ್ಮಾಮೀಟರ್ ಇವತ್ತೇನಂದ?"

"ನನ್ನದಲ್ಲ ಕಣೇ, ಐದು ದೇಶದ್ದು."

"ಹಾಗಾದ್ರೆ ಜ್ವರ ನಿನಗೊಬ್ಬಳಿಗೇ ಯಾಕೆ ಬಂತು?"

ಮೂರು ವಾರದಲ್ಲಿ ಪುಸ್ತಕ ಮುಕ್ಕಾಲು ತುಂಬಿತು. ಅವನು ಬೇಕೆಂದೇ ಜೇಬಿಗೆ ಏನೇನೋ ತುರುಕಿಕೊಂಡು ಬರುತ್ತಿದ್ದ: ಅಂಗಿಯ ಗುಂಡಿ, ಹಳೆಯ ಬಸ್ ಟಿಕೆಟ್, ಮೋಟು ಪೆನ್ಸಿಲ್. ಪಟ್ಟಿ ಉದ್ದವಾದಷ್ಟೂ ಅವಳ ಮೇಜಿನ ಮುಂದೆ ನಿಲ್ಲುವ ಹೊತ್ತು ಜಾಸ್ತಿ. ಅವಳಿಗೆ ಅದು ಗೊತ್ತಾಗದೇ ಇರುತ್ತದೆಯೇ! ಗೊತ್ತಿದ್ದೇ ಅವಳು ಬರೆಯುವುದನ್ನು ದಿನೇ ದಿನೇ ನಿಧಾನ ಮಾಡಿದಳು.

ಗುಮ್ಮಟದೊಳಗೆ, ಬಾಗಿಲ ಪಕ್ಕದ ಇಕ್ಕಟ್ಟಿನಲ್ಲಿ, ಯಂತ್ರದ ಬದಲಿಗೆ ಇಟ್ಟ ದಪ್ಪ ಉಕ್ಕಿನ ಖಾಲಿ ಟ್ಯಾಂಕೊಂದಿತ್ತು. ಅದರ ತೆರೆದ ಮುಚ್ಚಳದ ಅಂಚು ಅವಳ ಮೊಣಕೈಯನ್ನು ದಿನವೂ ಗೀರುತ್ತಿತ್ತು. "ಇದಕ್ಕೂ ನನಗೂ ಏಳು ಜನ್ಮದ ಹಗೆ" ಎಂದು ಅವಳು ಒಮ್ಮೆ ಅವನೆದುರು ಗೊಣಗಿದ್ದಳು. ಆದರೆ ಮುಚ್ಚುವ ಹಾಗಿರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಒಳಗಿನ ಪ್ರತಿ ಪಾತ್ರೆಯೂ ತೆರೆದಿರಬೇಕು ಎಂಬುದು ನಿಯಮ. ಅದನ್ನು ನೋಡಿ ಸಹಿ ಹಾಕುವವಳೂ ಅವಳೇ.

ಕೊನೆಗೂ ಬಾಗಿಲು ಬಿಗಿದು ಗಾಳಿ ತುಂಬಿಸಿದರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಸಭೆ ಸೇರಿದಾಗ ಪರದೆಯ ಮೇಲಿನ ಸೋರಿಕೆಯ ಅಂಕಿ ಮಿತಿಯ ಎರಡರಷ್ಟಿತ್ತು.

"ಬಾಗಿಲ ಪಟ್ಟಿನೇ ಸೋರ್ತಿರಬೇಕು" ಎಂದರು ಮೇಡಂ.

ಅವಳು ಎದ್ದು ನಿಂತಳು. "ಇಲ್ಲ ಮೇಡಂ. ಬಾಗಿಲು ಸೋರಿದ್ರೆ ಒಂದೇ ಸಮ ಸೋರ್ಬೇಕು. ಇಲ್ಲಿ ಸೋರಿಕೆ ಗಂಟೆಗಂಟೆಗೂ ಕಮ್ಮಿ ಆಗ್ತಾ ಬಂದಿದೆ. ಗಾಳಿ ಹೊರಗೆ ಹೋಗ್ತಿಲ್ಲ. ಒಳಗೇ ಯಾವುದೋ ಮುಚ್ಚಿದ ಪಾತ್ರೆ ಸಂದಿಯಿಂದ ಮೆಲ್ಲಗೆ ತುಂಬ್ಕೊಳ್ತಿದೆ."

"ಮುಚ್ಚಿದ್ದು ಏನೂ ಇಲ್ಲ ಅಂತ ಸಹಿ ಹಾಕಿರೋಳು ನೀನೇ ಅಲ್ವಾ?"

ಬಾಗಿಲು ಕೆಟ್ಟಿದ್ದರೂ ಕೆಲಸ ಹೋಯಿತು, ಸಹಿ ಸುಳ್ಳಾದರೂ ಕೆಲಸ ಹೋಯಿತು.

ಆಗ ಮೇಜಿನ ಆ ತುದಿಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಟ್ಯಾಂಕ್ ಮುಚ್ಚಿದ್ದು ನಾನು" ಎಂದ ಅವನು. "ಅವರು ಸಹಿ ಹಾಕಿದ ಮೇಲೆ, ಕೊನೇ ಸಲ ಒಳಗೆ ಹೋದಾಗ. ನಿಯಮ ಗೊತ್ತಿತ್ತು. ಆ ಗಳಿಗೇಲಿ ನೆನಪಾಗಲಿಲ್ಲ."

"ಯಾಕೆ ಮುಚ್ಚಿದ್ರಿ?"

"ಕಾರಣ ಏನಾದ್ರೂ ಇರ್ಲಿ, ತಪ್ಪು ನನ್ನದು. ಹಾಗೇ ಬರೀರಿ."

ಅವನ ದೇಶದಿಂದ ಬಂದ ಹಿರಿಯರು ತಲೆ ಮೇಲೆ ಕೈ ಹೊತ್ತು ಕೂತರು. ಇಂಥ ಎಡವಟ್ಟಿಗೆ ತಂಡದಿಂದಲೇ ಕಳಿಸಿಬಿಡುವುದಿತ್ತು. ಅವನು ಅದನ್ನು ಬಲ್ಲವನೇ.

ಸಂಜೆಯ ಹೊತ್ತಿಗೆ ಗಾಳಿ ಇಳಿಸಿ, ಅವಳೇ ಬಾಗಿಲು ತೆಗೆದು ಒಳಗೆ ಹೋದಳು. ಮುಚ್ಚಳ ಮುಚ್ಚಿತ್ತು. ಅದರ ಅಂಚಿನ ಸುತ್ತ ಕಪ್ಪು ರಬ್ಬರ್ ಟೇಪನ್ನು ಮೂರು ಸುತ್ತು ಸುತ್ತಿತ್ತು. ಸರಿಯಾಗಿ ಅವಳ ಮೊಣಕೈ ತಾಗುವಲ್ಲಿ ಆರು ಸುತ್ತು. ಗೀರದಿರಲಿ ಎಂದು ಸುತ್ತಿದ ಟೇಪೇ ಮುಚ್ಚಳವನ್ನು ಬಿಗಿಯಾಗಿ ಹಿಡಿದಿಟ್ಟಿತ್ತು.

ಅವಳು ಅಲ್ಲೇ ಕುಳಿತುಬಿಟ್ಟಳು. ಅಕ್ಕನೊಬ್ಬಳನ್ನು ಬಿಟ್ಟರೆ ಇವಳ ಒಂದು ಗೀರಿನ ಚಿಂತೆ ಯಾರಿಗಿತ್ತು? ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವುದೂ ಬೇಡವೆನಿಸಿತು.

ಹೊರಗೆ ಬಂದು ಪುಸ್ತಕ ತೆಗೆದು ನೋಡಿದಳು. 'ಟೇಪ್ ಸುರುಳಿ: ಹೋದದ್ದು ಒಂದು, ಬಂದದ್ದು ಒಂದು.' ತನ್ನದೇ ಅಕ್ಷರ. ಪುಸ್ತಕ ಹಿಡಿದು ನೇರ ಮೇಡಂ ಕೋಣೆಗೆ ಹೋದಳು.

"ನನ್ನದೂ ತಪ್ಪಿದೆ ಮೇಡಂ. ಸುರುಳಿ ಅರ್ಧಕ್ಕರ್ಧ ಸಣ್ಣದಾಗಿ ವಾಪಸ್ ಬಂದಿತ್ತು. ನಾನು ನೋಡ್ಲಿಲ್ಲ."

"ಮತ್ತೇನು ನೋಡ್ತಿದ್ದೆ?"

ಅವಳು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಮೇಡಂ ಕನ್ನಡಕ ತೆಗೆದಿಟ್ಟರು. ಅವರು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಒಪ್ಕೊಂಡೋರನ್ನೆಲ್ಲ ಮನೆಗೆ ಕಳಿಸಿದ್ರೆ ಮುಂದಿನ ಸಲ ಯಾರು ಬಾಯಿ ಬಿಡ್ತಾರೆ? ಆಮೇಲೆ ಗುಮ್ಮಟ ಎಷ್ಟು ಗಟ್ಟಿ ಇದ್ದರೇನು ಬಂತು! ಇಬ್ಬರ ತಪ್ಪನ್ನೂ ವರದೀಲಿ ಬರೀತೀನಿ. ಐದು ದೇಶದೋರೂ ಕಲ್ತುಕೊಳ್ಳಲಿ. ಹೋಗು, ಟೇಪ್ ಕಿತ್ತು ಹಾಕು."

ಎರಡನೇ ಪರೀಕ್ಷೆಯಲ್ಲಿ ಅಂಕಿ ಮಿತಿಯ ಅರ್ಧವನ್ನೂ ಮುಟ್ಟಲಿಲ್ಲ. ಅವಳ ಕೆಲಸ ಕಾಯಂ ಆಯಿತು. ಅವನೂ ತಂಡದಲ್ಲಿ ಉಳಿದ.

ಅವನು ಹೊರಡುವ ದಿನ ಟ್ಯಾಕ್ಸಿ ಕಾಯುತ್ತಿತ್ತು. ಅವನು ಯಾರೂ ಕೇಳದಿದ್ದರೂ ಬಂದು ಜೇಬು ಖಾಲಿ ಮಾಡಿದ. ಪೆನ್ನು, ಬಾಚಣಿಗೆ, ಬೀಗದ ಕೈ, ಸಣ್ಣದಾದ ಆ ಟೇಪ್ ಸುರುಳಿ.

"ಆವತ್ತು ಕಾರಣ ಯಾಕೆ ಹೇಳ್ಲಿಲ್ಲ?" ಎಂದಳು.

"ಹೇಳಿದ್ರೆ ನಿಮ್ಮ ಮೊಣಕೈ ಐದು ದೇಶದ ವರದೀಲಿ ಬಂದುಬಿಡ್ತಿತ್ತು."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ನನ್ನ ಕೆಲಸ ಉಳಿಸಿದ್ರಿ. ಈ ಉಪಕಾರ ಸಾಯೋ ತನಕ ಮರೆಯಲ್ಲ."

"ಉಪಕಾರ ನಿಮ್ಮದು. ಚಾಕೊಲೇಟ್ ಕಾಗದಾನೂ ಬಿಡದೆ ಕೇಳಿದೋರ ಎದುರು ಸುಳ್ಳು ಹೇಳೋಕೆ ಮನಸ್ಸು ಬರುತ್ತಾ?" ಅವನು ಖಾಲಿ ಜೇಬುಗಳನ್ನು ಒಳಗೆ ತಳ್ಳಿಕೊಂಡ. "ಮುಂದಿನ ಪರೀಕ್ಷೆ ನಮ್ಮಲ್ಲಿ. ಬಾಗಿಲಿಗೆ ನಿಮ್ಮನ್ನೇ ಕರೆಸಬೇಕು ಅಂತ ಮೇಡಂ ಬರೆದಿದ್ದಾರೆ. ಬಾಗಿಲಿಗೆ ಮಾತ್ರ ಅಲ್ಲ, ನನಗೂ ನೀವು ಬೇಕು. ಬರ್ತೀರಾ?"

ಅವಳು ಪೆನ್ನು, ಬಾಚಣಿಗೆ, ಬೀಗದ ಕೈ ಮೂರನ್ನೂ ಅವನತ್ತ ಸರಿಸಿದಳು. ಟೇಪನ್ನು ಮಾತ್ರ ತನ್ನ ಜೇಬಿಗೆ ಹಾಕಿಕೊಂಡಳು.

"ಇದನ್ನ ನಾನೇ ತಂದು ಕೊಡ್ತೀನಿ. ಅಲ್ಲೀತನಕ ನೀನು ಯಾವ ಮುಚ್ಚಳಾನೂ ಮುಟ್ಟಬೇಡ. ಇಲ್ಲಿ ಸಹಿ ಹಾಕು."

ಅವನು ಪುಸ್ತಕ ನೋಡದೆಯೇ ಹಾಕಿದ ಸಹಿ ಗೆರೆ ದಾಟಿ ಕೆಳಗಿನ ಸಾಲಿಗೆ ಇಳಿಯಿತು. ಅವಳು ಅದನ್ನು ಗಮನಿಸಲೇ ಇಲ್ಲ. ಈ ಸಲವೂ ಅವನ ಮುಖವನ್ನೇ ನೋಡುತ್ತಿದ್ದಳು.