ಒರತೆಯ ಕೆಂಪು ದೀಪ

ಹುಲಿಗೆವ್ವ ಹೆಬ್ಬೆರಳು ಒತ್ತಿದಳು. ಶಾಲೆಯ ಅಂಗಳದ ಕಂಬದಲ್ಲಿ ಕೆಂಪು ದೀಪ ಹೊತ್ತಿತು, ಲೋಟದ ತುಂಬ ನೀರು ಬಂತು. ಕಂಬದ ಹೆಸರು 'ಒರತೆ'. ಹಲ್ಲು ಕಂದಿಸಿ ಕಾಲು ಸೊಟ್ಟಮಾಡುವ ಫ್ಲೋರೈಡನ್ನು ಅದು ಬೋರ್‌ವೆಲ್ ನೀರಿನಿಂದ ಸೋಸುತ್ತಿತ್ತು. ಬೆರಳಿನ ಚರ್ಮದೊಳಗೆ ಬೆಳಕು ಹಾಯಿಸಿ, ಮೈಗೆ ನೀರು ಸಾಲದಿದ್ದರೆ ಕೆಂಪು, ಸಾಕಾಗಿದ್ದರೆ ಹಸಿರು ತೋರಿಸುತ್ತಿತ್ತು. ೨೦೬೧ರಲ್ಲಿ ಕುಷ್ಟಗಿ ಸೀಮೆಯ ಆ ಹಳ್ಳಿಯ ಮಕ್ಕಳು ನೆಟ್ಟಗಿನ ಕಾಲಲ್ಲಿ ಓಡಾಡುತ್ತಿದ್ದರೆ ಅದು ಒರತೆಯ ಪುಣ್ಯವೇ.

ಹುಲಿಗೆವ್ವ ಆ ನೀರನ್ನು ಯಾರಿಗೂ ಕಾಣದಂತೆ ಬೇವಿನ ಬುಡಕ್ಕೆ ಸುರಿದಳು. ಮಧ್ಯಾಹ್ನ ತರಗತಿಯಲ್ಲೇ ಕುಸಿದುಬಿದ್ದಳು. ಮೂತ್ರಕೋಶಕ್ಕೆ ಸೋಂಕು ತಗಲಿದೆ, ಹೀಗೇ ಬಿಟ್ಟರೆ ಕಿಡ್ನಿಗೇ ಸಂಚಕಾರ ಎಂದರು ಆಸ್ಪತ್ರೆಯವರು.

ಮುಖ್ಯೋಪಾಧ್ಯಾಯಿನಿ ದಾಕ್ಷಾಯಣಿ ಅಕ್ಕೋರು ಒರತೆಯನ್ನು ಕಂಡುಹಿಡಿದ ವಿಜ್ಞಾನಿ ನಸೀಮಾ ನದಾಫ್ ಅವರನ್ನು ಕರೆಸಿ ಹರಿಹಾಯ್ದರು.

"ನಿಮ್ಮ ನೀರ ಕುಡದ ನನ್ನ ಸಾಲಿ ಹುಡುಗಿ ಹಾಸಿಗಿ ಹಿಡದಾಳ್ರೀ!"

ನಸೀಮಾ ನೀರು ಪರೀಕ್ಷಿಸಿದರು. ತಿಳಿಯಾಗಿತ್ತು. ಕಂಬದ ನೆನಪಿನಲ್ಲಿ ದಾಖಲಾಗಿದ್ದ ದೀಪಗಳ ಲೆಕ್ಕ ತೆಗೆದು ನೋಡಿದರು.

"ಅಕ್ಕೋರ, ಮಧ್ಯಾಹ್ನಕ್ಕ ಹುಡುಗರಿಗೆಲ್ಲಾ ಹಸಿರು, ಹುಡುಗ್ಯಾರಿಗೆಲ್ಲಾ ಕೆಂಪು. ಯಂತ್ರ ಕೆಟ್ಟರ ಗಂಡು ಹೆಣ್ಣು ಅಂತ ನೋಡಿ ಕೆಡೂದಿಲ್ರೀ. ಇವರು ನೀರ ಕುಡೀವಲ್ರು."

ಇಬ್ಬರೂ ಆಸ್ಪತ್ರೆಗೆ ಹೋದರು. ಅಕ್ಕೋರು ಹುಡುಗಿಯ ತಲೆ ಸವರಿದರು. "ಯಾಕವ್ವಾ, ನೀರ ಯಾಕ ಕುಡೀಲಿಲ್ಲ?"

"ಕುಡದ್ರ ಒಂದಕ್ಕ ಬರ್ತೈತ್ರೀ."

"ಬಂದ್ರ ಹೋಗಬೇಕವ್ವಾ. ಅಷ್ಟು ಚೆಂದ ಪಾಯಖಾನಿ ಐತಲ್ಲ!"

"ಅದಕ್ಕ ಕೀಲಿ ಹಾಕೀರಲ್ರೀ ಅಕ್ಕೋರ. ಸಾಹೇಬ್ರು ಬಂದಾಗ ಅಷ್ಟ ತಗೀತೀರಿ. ಹುಡುಗರು ಬೇಲಿ ಕಡೆ ಹೋಗ್ತಾರ. ನಾವೆಲ್ಲಿ ಹೋಗೂನ್ರೀ?"

ಅಕ್ಕೋರ ಕೈ ಸೊಂಟದ ಕೀಲಿಗೊಂಚಲಿಗೆ ಹೋಯಿತು. ಮಕ್ಕಳು ಹೊಲಸು ಮಾಡಿಯಾರು, ತಪಾಸಣೆಗೆ ಬಂದವರ ಮುಂದೆ ಶಾಲೆಯ ಮಾನ ಹೋದೀತು ಎಂದು ಜಡಿದ ಬೀಗವದು. ಅಯ್ಯೋ, ಯಾರ ಮಾನ ಕಾಯಲು ಹೋಗಿ ಯಾರ ಜೀವಕ್ಕೆ ಕುತ್ತು ತಂದೆ ಎಂದು ಅವರಿಗೆ ಅಳು ಬಂತು.

ಅಲ್ಲಿಂದ ನೇರ ಶಾಲೆಗೆ ಬಂದು ಅಕ್ಕೋರು ಬೀಗ ತೆಗೆದು ಹಾಳುಬಾವಿಗೆ ಎಸೆದರು. ವಾರ ಕಳೆದು ಹುಲಿಗೆವ್ವ ಬಂದಳು. ಲೋಟವನ್ನು ಒಂದೇ ಉಸಿರಿಗೆ ಕುಡಿದು, ಇನ್ನೊಂದು ತುಂಬಿಸಿಕೊಂಡಳು. ಮಧ್ಯಾಹ್ನ ಅವಳ ಬೆರಳಿಗೆ ಹಸಿರು ದೀಪ ಹೊತ್ತಿತು.

ಅಕ್ಕೋರು ಬೇವಿನ ಕೆಳಗೆ ನಿಂತು ನೋಡುತ್ತಿದ್ದರು. ೨೦೨೫ರಲ್ಲಿ ಅವರು ಇದೇ ಶಾಲೆಯ ನಾಲ್ಕನೇ ತರಗತಿಯ ಹುಡುಗಿ. "ಸಾಲಿ ಬಿಡೂತನಕ ನೀರ ಮುಟ್ಟಬ್ಯಾಡ" ಎಂದು ಅವ್ವ ದಿನಾ ಹೇಳಿ ಕಳಿಸುತ್ತಿದ್ದಳು. ದಾಹವಾದರೂ ನಾಲಿಗೆ ಕಚ್ಚಿಕೊಂಡು ಕೂತಿದ್ದನ್ನು, ಕುರ್ಚಿ ಸಿಕ್ಕ ಮೇಲೆ ಮರೆತೇಬಿಟ್ಟಿದ್ದರು.

ಆಗಲೂ ಹುಡುಗಿಯರಿಗೆಲ್ಲ ಕೆಂಪೇ. ತೋರಿಸಲು ದೀಪವಿರಲಿಲ್ಲ, ಅಷ್ಟೆ.